ತಂತಿಯ ಮೇಲಿನ ಕೆಂಪು ಟವೆಲ್

ಕುಡಿತಕ್ಕೆ ಬಿದ್ದ ಗಂಡಸರೇ ತುಂಬಿದ್ದ ಆ ಬೀದಿಯಲ್ಲಿ ಹೆಂಗಸರದ್ದೊಂದು ಗುಟ್ಟಿತ್ತು. ಯಾರ ಮನೆ ಮುಂದಿನ ತಂತಿಯ ಮೇಲೆ ಕೆಂಪು ಟವೆಲ್ ಕಂಡರೂ, ಅಲ್ಲಿ ಗಂಡ ಕೈಮಾಡುವ ಹೊತ್ತಾಗಿದೆ ಎಂದು ಅರ್ಥ. ಕಂಡವರು ಮಹಿಳಾ ಸಂಘದ ಸುಕನ್ಯಾಗೆ ಫೋನ್ ಮಾಡಬೇಕು. ಆಕೆ ಆಟೋ ತಂದು ತಾಯಿ ಮಕ್ಕಳನ್ನು ಸಂಘದ ಮನೆಗೆ ಸೇರಿಸುತ್ತಾಳೆ. ಗಂಡಸರಿಗೆ ಇದರ ಸುಳಿವು ಸಿಗದಂತೆ ಎಲ್ಲರೂ ನೋಡಿಕೊಂಡಿದ್ದರು.

ಆ ಮಧ್ಯಾಹ್ನ ನಿಂಗಾಜಮ್ಮನ ಮನೆ ಮುಂದೆ ಟವೆಲ್ ನೇತಾಡುತ್ತಿತ್ತು. ಹಿಂಡದೆಯೇ ಹಾಕಿದ್ದರಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಂಗಾಜಮ್ಮ ಎಂಥ ಹೊತ್ತಿನಲ್ಲೂ ಹಾಗೆ ಹಾಕುವವಳಲ್ಲ. ಫೋನ್ ಬಂದೊಡನೆ ಆಟೋ ತಂದಿದ್ದ ಸುಕನ್ಯಾಗೆ ಯಾಕೋ ಸರಿ ಕಾಣಲಿಲ್ಲ. ಆಟೋದವನಿಗೆ ಕಾಯಲು ಹೇಳಿ ಬಾಗಿಲು ತಟ್ಟಿದಳು.

ತೆರೆದವನು ಗಂಡ ಮಾದಯ್ಯ. ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ.

"ನಿಂಗಾಜಮ್ಮ ಎಲ್ಲಿ?"

"ಒಳಗವ್ಳೆ. ಮಕ್ಳೂ ಅವೆ."

"ಸ್ವಲ್ಪ ಕರೀರಿ."

"ಟವೆಲ್ ನೋಡ್ಕೊಂಡು ಬಂದ್ರಾ ಅಕ್ಕ?"

ಸುಕನ್ಯಾ ಏನೂ ತಿಳಿಯದವಳಂತೆ ಕೇಳಿದಳು. "ಯಾವ ಟವೆಲ್?"

"ಸುಳ್ಳು ಯಾಕೆ ಹೇಳ್ತೀರಿ? ನಂಗದು ಯಾವತ್ತೋ ಗೊತ್ತಾಯ್ತು."

ಒಳಗಿನಿಂದ ಒಂದು ಸದ್ದೂ ಇಲ್ಲ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅವಳಿಗೇನು ಮಾಡಿದ್ರಿ?"

"ಇನ್ನೂ ಏನೂ ಮಾಡಿಲ್ಲ." ಅವನ ಕಣ್ಣು ಗೋಡೆಯ ಗೂಡಿನಲ್ಲಿದ್ದ, ಮುಚ್ಚಳ ತೆಗೆಯದ ಹೆಂಡದ ಬಾಟಲಿಯನ್ನು ಬಿಟ್ಟು ಕದಲಲಿಲ್ಲ. "ಟವೆಲ್ ನಾನೇ ಹಾಕ್ದೆ ಅಕ್ಕ. ಬಿರ್ರನೆ ಅವ್ರನ್ನ ಕರ್ಕೊಂಡು ಹೋಗಿ. ಹೋಗ್ತಾ ಹೊರಗಿಂದ ಚಿಲಕ ಹಾಕ್ಬುಡಿ."