ನಪಾಸಪ್ಪನ ಪರೀಕ್ಷೆ

ಎಂಜಿನ್ ನಿಂತಾಗ ಪರೀಕ್ಷಕರ ಕೈ ಇನ್ನೂ ಥ್ರಾಟಲ್ ಮುಟ್ಟಿರಲಿಲ್ಲ.

ಮುಟ್ಟಬೇಕೆಂದಿದ್ದರು, ನಿಜ. ಲೈಸೆನ್ಸಿಗೆ ಬಂದವರನ್ನು ಪುಟ್ಟ ವಿಮಾನದಲ್ಲಿ ಮೇಲೆ ಕರೆದೊಯ್ದು, ಎಂಜಿನ್ನಿನ ಶಕ್ತಿ ಏರಿಳಿಸುವ ಥ್ರಾಟಲ್ ಹಿಡಿಯನ್ನು ಹಿಂದಕ್ಕೆಳೆದು, "ಎಂಜಿನ್ ಹೋಯ್ತು, ಈಗೇನ್ಮಾಡ್ತೀಯ?" ಎನ್ನುವುದು, ಅವರು ಬಾಯಿ ತೆರೆಯುವ ಮೊದಲೇ ಚುಕ್ಕಾಣಿ ಕಿತ್ತುಕೊಂಡು ಫೇಲು ಮಾಡುವುದು. ಇದು ಅವರ ಹಳೆಯ ಚಟ. ಹಾರಾಟದ ಶಾಲೆಯಲ್ಲಿ ಅವರಿಗೆ ನಪಾಸಪ್ಪ ಎಂದೇ ಹೆಸರು. ಈಗ ಪಕ್ಕದಲ್ಲಿ ಕೂತಿದ್ದ ಎರಡು ಮಕ್ಕಳ ತಾಯಿಯನ್ನು ಹಿಂದೆಯೂ ಹೀಗೇ ಮನೆಗೆ ಕಳಿಸಿದ್ದರು. "ಇದು ಅಡುಗೆಮನೆ ಅಲ್ಲಮ್ಮ" ಎಂಬ ಬುತ್ತಿಯನ್ನೂ ಕಟ್ಟಿಕೊಟ್ಟಿದ್ದರು.

ಇವತ್ತು ಎಂಜಿನ್ ಕೆಮ್ಮಿತು, ಸುಮ್ಮನಾಯಿತು. ಉಳಿದದ್ದು ಗಾಳಿಯ ಸುಯ್ಯೆನ್ನುವ ಸದ್ದು.

ನಿಜವಾಗಿ ಸತ್ತ ಎಂಜಿನ್ನನ್ನು ಪರೀಕ್ಷಕರು ಈ ಜನ್ಮದಲ್ಲಿ ಕಂಡಿರಲಿಲ್ಲ.

"ನೀವು ನಿಲ್ಲಿಸಿದ್ರಾ ಸಾರ್?" ಆಕೆ ಕೇಳಿದಳು.

ಇಲ್ಲವೆಂದರೆ ಮಾನ ಹೋಗುತ್ತದೆ. "ಮತ್ತಿನ್ಯಾರು? ಇಳಿಸು ನೋಡೋಣ."

ಆಕೆ ವಿಮಾನದ ಮೂತಿಯನ್ನು ತುಸು ತಗ್ಗಿಸಿ, ವೇಗದ ಮುಳ್ಳನ್ನು ಬೇಕಾದಲ್ಲಿ ಹಿಡಿದು ನಿಲ್ಲಿಸಿದಳು.

"ಎತ್ತಮ್ಮ, ಮೂತಿ ಎತ್ತು! ನೆಲ ಹತ್ರ ಬರ್ತಿದೆ!"

"ಎತ್ತಿದ್ರೆ ವೇಗ ಸಾಯುತ್ತೆ ಸಾರ್. ಆಮೇಲೆ ತೇಲಲ್ಲ, ಕಲ್ಲಿನ ಹಾಗೆ ಬೀಳ್ತೀವಿ. ಇದು ನನಗೆ ಗೊತ್ತಿದೆಯಾ ಅಂತ ನೋಡೋಕೆ ಹಾಗಂದ್ರಿ ಅಲ್ವಾ?"

"ಹೂಂ... ಅದಕ್ಕೇ ಅಂದೆ. ಫ್ಲ್ಯಾಪು? ರೆಕ್ಕೆಯ ಫ್ಲ್ಯಾಪ್ ಯಾಕೆ ಇಳಿಸ್ತಿಲ್ಲ?"

"ಈಗ್ಲೇ ಇಳಿಸಿದ್ರೆ ಗಾಳಿ ಹಿಡಿದು ಜಗ್ಗುತ್ತೆ. ಮೊದಲು ಇಳಿಯೋ ಜಾಗ ಮುಟ್ತೀವಿ ಅನ್ನೋದು ಖಾತ್ರಿಯಾಗ್ಲಿ."

ಎದುರಿಗೆ, ಯಾರೂ ಬಳಸದ ಹಳೆಯ ರನ್‌ವೇಯೊಂದು ಚಾಪೆ ಹಾಸಿದಂತೆ ಬಿದ್ದಿತ್ತು. ಎಂಥ ಅದೃಷ್ಟ! ಪರೀಕ್ಷಕರು ಎರಡೂ ಕೈಗಳನ್ನು ತೊಡೆಯಡಿ ತೂರಿಸಿಕೊಂಡು, ನೆನಪಿಗೆ ಬಂದ ದೇವರನ್ನೆಲ್ಲ ಸಾಲಾಗಿ ಕರೆದರು. ಚುಕ್ಕಾಣಿ ಕಿತ್ತುಕೊಳ್ಳುವುದೊಂದು ಮಾತ್ರ ನೆನಪಾಗಲಿಲ್ಲ.

ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ವಿಮಾನ ಪೂರ್ತಿ ನಿಂತ ಮೇಲೆ ನಪಾಸಪ್ಪನವರಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ದರ್ಪವೂ ಬಂತು.

"ಪಾಸು, ಹೋಗು," ಎಂದರು. "ಆದ್ರೆ ಒಂದ್ಮಾತು. ಆಕಾಶದಲ್ಲಿ ಎಂಜಿನ್ ಪೂರ್ತಿ ನಿಲ್ಲಿಸೋಕೆ ಗುಂಡಿಗೆ ಬೇಕಮ್ಮ. ನಾನಾಗಿದ್ದಕ್ಕೆ ನಿಲ್ಲಿಸ್ದೆ."

"ಬೇಕು ಸಾರ್. ತುಂಬಾ ಗುಂಡಿಗೆ ಬೇಕು."

ಎಂದವಳೇ ಕಾಲ ಬಳಿ ಬಗ್ಗಿ, ಆಕಾಶದಲ್ಲಿ ತಾನೇ ಸದ್ದಿಲ್ಲದೆ ಮುಚ್ಚಿದ್ದ ಪೆಟ್ರೋಲ್ ವಾಲ್ವನ್ನು ತೆರೆದು, ವಾಪಸು ಹೊರಡಲು ಎಂಜಿನ್ ಸ್ಟಾರ್ಟ್ ಮಾಡಿದಳು.