ಬಲ್ಬು ಎದ್ದ ಮೇಲೆ

"ಬೇಡ ಅಕ್ಕಾ, ಇದೂ ಸುಟ್ಟುಹೋಗುತ್ತೆ!"

ಆಸ್ಪತ್ರೆಯ ರಿಪೇರಿ ಕೋಣೆಗೆ ಸೇರಿ ವಾರವೂ ಆಗಿರದ ಇಂಜಿನಿಯರ್ ಹುಡುಗಿ ಇಷ್ಟು ಜೋರಾಗಿ ಮಾತಾಡಿದ್ದು ಇದೇ ಮೊದಲು. ತನ್ನ ದನಿಗೆ ತಾನೇ ಬೆಚ್ಚಿದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯ ಬೋರ್ಡು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಬೆಳಗಿನಿಂದ ಒಂದಾದ ಮೇಲೊಂದು ಎರಡು ಟ್ರಾನ್ಸಿಸ್ಟರು ಹಾಕಿ ಸ್ವಿಚ್ ಒತ್ತಿದ್ದರು, ಎರಡೂ ಠುಸ್. ಉಳಿದದ್ದು ಒಂದೇ. ಬಾಗಿಲಲ್ಲಿ ನಿಂತ ನರ್ಸು ಮತ್ತೆ ಹೇಳಿದಳು, "ಒಂದೇ ಪೆಟ್ಟಿಗೇಲಿ ಎರಡು ಕೂಸು ಮಲಗಿಸಿ ಬಂದಿದ್ದೀನಿ. ಬೇಗ."

ಫ್ಯೂಸಕ್ಕ ತಲೆ ಎತ್ತಲಿಲ್ಲ. ಮೂವತ್ತು ವರ್ಷ ಇದೇ ಕೋಣೆಯಲ್ಲಿ ಬೆಸುಗೆ ಹಾಕಿದ ಟೆಕ್ನಿಷಿಯನ್ ಆಕೆ. ಮಾತು ಮಾತಿಗೂ ಸಿಡಿಯುತ್ತಾಳೆಂದು ಆ ಹೆಸರು. ಕೊನೆಯ ಟ್ರಾನ್ಸಿಸ್ಟರನ್ನು ಕೂರಿಸಿ, ಕರೆಂಟು ನೂರು ವ್ಯಾಟಿನ ಹಳೇ ಬಲ್ಬೊಂದನ್ನು ದಾಟಿಯೇ ಬೋರ್ಡಿಗೆ ಹೋಗುವ ಹಾಗೆ ತಂತಿ ಜೋಡಿಸುತ್ತಿದ್ದಳು.

"ಈ ಬಲ್ಬು ತಡೆಯಲ್ಲ ಅಕ್ಕಾ. ಮೀಟರ್ ಹಿಡಿದು ನೋಡಿದೆ, ಬರೀ ನಲವತ್ತು ಓಮ್. ಇನ್ನೂರ ಮೂವತ್ತನ್ನ ನಲವತ್ತರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ ಆರು ಆಂಪಿಯರ್. ಒಳಗೆ ಶಾರ್ಟ್ ಇದ್ರೆ ಅಷ್ಟೂ ನುಗ್ಗುತ್ತೆ."

"ಭಾಗಾಕಾರ ಸರಿ ಕಣೇ. ನೀನು ಅಳೆಯೋವಾಗ ಬಲ್ಬು ಮಲಗಿತ್ತಾ, ಎದ್ದಿತ್ತಾ?"

"ಅಂದ್ರೆ?"

"ಮಲಗಿರೋ ಗಂಡನ್ನ ನೋಡಿ, ಎಷ್ಟು ಸಾಧು ಅಂತ ಹೆಣ್ಣು ಕೊಟ್ಟಂಗಾಯ್ತು. ಎದ್ದ ಮೇಲೆ ನೋಡು ಅವನ ಹಟ!"

ನರ್ಸು ಕಿಸಕ್ಕೆಂದಳು. ಹುಡುಗಿಯ ಕಿವಿ ಬಿಸಿಯಾಯಿತು. ಮರುಗಳಿಗೆಗೇ ಹೊಳೆಯಿತು: ಬಲ್ಬಿನೊಳಗಿನ ಎಳೆ ಕಾದಷ್ಟೂ ಅದರ ತಡೆ ಏರುತ್ತದೆ. ಉರಿಯುವಾಗ ಅದು ನಲವತ್ತಲ್ಲ, ಐನೂರು ಓಮ್. ಆರು ಆಂಪಿಯರ್ ಇರಲಿ, ಅರ್ಧ ಆಂಪಿಯರನ್ನೂ ದಾಟಗೊಡದು.

ಸ್ವಿಚ್ ಒತ್ತಿದ್ದೇ ಬಲ್ಬು ಝಗ್ಗನೆ ಉರಿಯಿತು. "ನೋಡಿದ್ಯಾ, ಒಳಗೆಲ್ಲೋ ಶಾರ್ಟ್ ಇದೆ. ಏಟೆಲ್ಲ ಇದೇ ತಿಂತಿದೆ" ಎಂದು ಫ್ಯೂಸಕ್ಕ ಆರಿಸಿದಳು. ಟ್ರಾನ್ಸಿಸ್ಟರು ಮುಟ್ಟಿದರೆ ತಣ್ಣಗಿತ್ತು. ಇಬ್ಬರೂ ಬಗ್ಗಿ ಹುಡುಕಿದರು. ಸ್ಕ್ರೂ ಅಡಿಯಲ್ಲಿ ಜಜ್ಜಿಹೋಗಿದ್ದ ತಂತಿ ಹುಡುಗಿಯ ಕಣ್ಣಿಗೆ ಬಿತ್ತು. ಅದನ್ನು ಬದಲಿಸಿ ಮತ್ತೆ ಒತ್ತಿದಾಗ ಬಲ್ಬು ಒಮ್ಮೆ ಮಿಣುಕಿ ನಂದಿತು. ಶಾರ್ಟ್ ಹೋಗಿತ್ತು, ಬೋರ್ಡಿಗೆ ಜೀವ ಬಂತು.

"ದೀಪ ಆರಿದ್ರೆ ಖುಷಿಪಡೋರು ಲೋಕದಲ್ಲಿ ನಾವಿಬ್ಬರೇ ಇರಬೇಕು" ಎಂದಳು ಫ್ಯೂಸಕ್ಕ. ಬಲ್ಬು ಕಳಚಿ ಪೆಟ್ಟಿಗೆ ಜೋಡಿಸಿದರು. ಕಾವು ಏರಿ ಹದಕ್ಕೆ ನಿಂತ ಮೇಲೆ ನರ್ಸು ಅದನ್ನು ತಳ್ಳಿಕೊಂಡು ಓಡಿಯೇಬಿಟ್ಟಳು.

ಹುಡುಗಿ ಚೀಟಿಯೊಂದರ ಮೇಲೆ, ಪರೀಕ್ಷೆಗಳಿಗಾಗಿ ಹತ್ತಾರು ಸಲ ಬರೆದಿದ್ದ ಗ್ರಾಫಿನ ಗೆರೆಯೊಂದನ್ನು ಎಳೆದು ಅಂಜುತ್ತಲೇ ಮುಂದಕ್ಕೆ ಸರಿಸಿದಳು. "ನಿಮ್ಮ ಬಲ್ಬು ಅಕ್ಕಾ. ವೋಲ್ಟೇಜು ಏರಿದ ಹಾಗೆ ಕರೆಂಟು ನೆಟ್ಟಗೆ ಏರಲ್ಲ. ಹೀಗೆ ಬಾಗುತ್ತೆ."

ಫ್ಯೂಸಕ್ಕ ಕನ್ನಡಕ ಏರಿಸಿ ದಿಟ್ಟಿಸಿದಳು. ಸುಟ್ಟ ಕಲೆಗಳಿದ್ದ ಅವಳ ಬೆರಳು ಗೆರೆಯ ಬುಡದಿಂದ ಮೆಲ್ಲಗೆ ಹೊರಟಿತು.

"ಇಲ್ಲಿ ಎಳೆ ಕಪ್ಪು." ಬಾಗಿದಲ್ಲಿ ಬೆರಳು ನಿಂತಿತು. "ಇಲ್ಲಿ ಕೆಂಡ. ಇಲ್ಲಿಂದಾಚೆ ಹಳದಿ... ಅಲ್ವಾ?"

ಆ ಗೆರೆಗೆ ಬಣ್ಣಗಳಿವೆಯೆಂದು ಹುಡುಗಿಗೆ ಗೊತ್ತೇ ಇರಲಿಲ್ಲ.