ಸೆಕೆಂಡ್ ಹ್ಯಾಂಡ್

ಅಂಗಡಿಯ ಮೇಜಿನ ಮೇಲಿದ್ದ, ಕಾರಿಗೆ ದಾರಿ ತೋರಿಸುವ ಹಳೆಯ ಜಿಪಿಎಸ್‌ಗೆ ಅವಳು ಕೈ ಹಾಕಿದ್ದೇ ತಡ, ಮೈದುನ ಹೊಸದೊಂದನ್ನು ಮುಂದೆ ತಳ್ಳಿದ. "ಸೆಕೆಂಡ್ ಹ್ಯಾಂಡ್ ಸಹವಾಸ ಬೇಡ ಅತ್ತಿಗೆ. ಇದರ ಸ್ಕ್ರೀನ್ ನೋಡಿ, ಎಷ್ಟು ದೊಡ್ಡದು."

"ಹೋದ ತಿಂಗಳು ನಮ್ಮ ಕಾರಿಂದ ಕಳುವಾಯ್ತಲ್ಲ, ಅದೂ ಇಂಥದ್ದೇ. ನಿಮ್ಮಣ್ಣನಿಗೆ ಇದೇ ರೂಢಿ," ಎಂದು ಅವಳು ಹಳೆಯದನ್ನೇ ಎತ್ತಿಕೊಂಡಳು.

"ಚೆನ್ನಾಗಿದೆ ಮೇಡಂ, ಒತ್ತಿ ನೋಡಿ," ಎಂದ ಅಂಗಡಿಯವನು.

ಸ್ಕ್ರೀನಿನ ಮೂಲೆಯಲ್ಲಿದ್ದ ಪುಟ್ಟ ಮನೆಯ ಚಿತ್ರವನ್ನು ಅವಳು ಒತ್ತಿದಳು. ಅದರಲ್ಲಿ ಮೊದಲೇ ತುಂಬಿಟ್ಟಿದ್ದ ಮನೆ ವಿಳಾಸ ಮೂಡಿಬಂತು: ತಮ್ಮದೇ ಬೀದಿ, ತಮ್ಮದೇ ಮನೆ ನಂಬರು. ತಲೆ ಎತ್ತಿದರೆ, ಮೈದುನ ಅಂಗಡಿಯವನಿಗೆ ಬೇಡ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದ.

ಅಂಗಡಿಗೆ ಇದನ್ನು ಮಾರಿದವರು ಯಾರೆಂದು ಅವಳು ಕೇಳಲಿಲ್ಲ. ದುಡ್ಡು ಕೊಟ್ಟು, ಜಿಪಿಎಸ್ಸನ್ನು ಮೈದುನನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು.

"ನಡಿ. ನಿಮ್ಮಣ್ಣನ ಕೈಗೆ ಇದನ್ನ ನೀನೇ ಕೊಡು."